ಮೂರನೇ ಮೊಣಕಾಲು

ನಾನು ಒಂದು ಮೊಣಕಾಲು. ಹುಟ್ಟಿದಾಗ ಯಾರ ಮೊಣಕಾಲೂ ಆಗಿರಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ತಗಡಿನ ಮಾಡಿನ ಒಂದು ವರ್ಕ್‌ಶಾಪಿನೊಳಗೆ, ಮುಕುಂದರಾವ್ ಎಂಬ ಹಿರಿಯ ಮಿಸ್ತ್ರಿ ಅಲ್ಯೂಮಿನಿಯಂ ಗಟ್ಟಿಯೊಂದನ್ನು ಯಂತ್ರಕ್ಕೆ ಬಿಗಿದು ನಾಲ್ಕು ದಿನ ಕೊರೆದರು. ಕೊರೆದಷ್ಟೂ ಬಿಸಿಯಾಗುತ್ತಿದ್ದೆ, ಮೇಲಿಂದ ಹಾಲಿನ ಬಣ್ಣದ ಎಣ್ಣೆನೀರು ಸುರಿಯುತ್ತಿತ್ತು. ಕೊನೆಯ ದಿನ ಅವರು ನನ್ನನ್ನು ಅರಿವೆಯಲ್ಲಿ ಒರೆಸಿ, ಮಡಚಿ, ನೆಟ್ಟಗೆ ಮಾಡಿ, ಕಿವಿಯ ಹತ್ತಿರ ಹಿಡಿದು ಸಪ್ಪಳ ಕೇಳಿ, ಒಳಮೈಯಲ್ಲಿ ‘೩’ ಎಂದು ಕೆತ್ತಿದರು. ನನಗಿಂತ ಮುಂಚಿನ ಇಬ್ಬರಲ್ಲಿ ಒಬ್ಬ ಮರದವನು, ಕೈಯಲ್ಲಿ ಹಿಡಿದು ನೋಡುವುದಕ್ಕಷ್ಟೇ. ಇನ್ನೊಬ್ಬ ಮೊದಲ ಭಾರಕ್ಕೇ ಮುರಿದಿದ್ದ.

ಅದಕ್ಕೂ ಮುಂಚೆ ನಾನೊಂದು ಚಿತ್ರವಾಗಿದ್ದೆ. ಎಲುಬಿನ ವೈದ್ಯರೊಬ್ಬರು ಔಷಧಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ನಾಲ್ಕು ಚುಕ್ಕೆ ಇಟ್ಟು, ಇಂಥದೊಂದು ಕೀಲು ನಮ್ಮಲ್ಲೇ ಆದರೆ ಕಾಲು ಕಳೆದುಕೊಂಡವರು ನೆಲದ ಮೇಲೆ ಕೂತು ಏಳಬಹುದು ಎಂದಿದ್ದರಂತೆ. ಆ ಚೀಟಿ ನೀಲಾಂಬಿಕಾ ಪತ್ತಾರಳ ಕೈಗೆ ಬಂತು. ನನ್ನ ಕತೆ ಎಂದರೆ ಬಹುಪಾಲು ಅವಳ ಕತೆಯೇ.

ನೀಲಾಂಬಿಕಾಗೆ ಆಗ ಮೂವತ್ತೈದು. ನವಲಗುಂದದ ಅಕ್ಕಸಾಲಿಗರ ಮನೆಯ ಮಗಳು. ವರ್ಕ್‌ಶಾಪಿನ ಮೇಲಂತಸ್ತಿನ ಕೋಣೆಯಲ್ಲಿ ಅವಳ ಮೇಜು. ಚೀಟಿಯ ಮೇಲಿನ ವಿಚಾರವನ್ನು ಸಾವಿರ ಸಲ ಮಾಡಿದರೂ ಒಂದೇ ತರ ಬರುವಂತೆ ತಿದ್ದುವುದು ಅವಳ ಕೆಲಸ. ಅವಳ ಅಪ್ಪ ಬೆಂಡೋಲೆ ಮಾಡುವಾಗ ಒಂದು ಕೆಟ್ಟರೆ ಕರಗಿಸಿ ಮತ್ತೆ ಮಾಡುತ್ತಿದ್ದರು. ಅವಳಿಗೆ ಆ ಸೌಕರ್ಯ ಇರಲಿಲ್ಲ. ನನ್ನಂಥವರನ್ನು ಸಾವಿರಗಟ್ಟಲೆ ಮಾಡಬೇಕಾದರೆ ಉಕ್ಕಿನ ಅಚ್ಚು ಬೇಕು. ಒಮ್ಮೆ ಅಚ್ಚು ಕೊರೆದರೆ ಮುಗಿಯಿತು, ಅದರೊಳಗೆ ಇದ್ದ ತಪ್ಪು ಹುಟ್ಟುವ ಪ್ರತಿಯೊಬ್ಬನಿಗೂ ಬರುತ್ತದೆ. ಇದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ನಕ್ಷೆ ತಿದ್ದುವಾಗ ನನ್ನನ್ನು ಎಡಗೈಯಲ್ಲಿ ಹಿಡಿದು ಮಡಚುತ್ತಾ ಬಿಚ್ಚುತ್ತಾ ಇರುತ್ತಿದ್ದಳು. ಅವಳ ಅಂಗೈ ಯಾವಾಗಲೂ ಬೆವೆತಿರುತ್ತಿತ್ತು.

ನನಗಿದ್ದ ಕೆಲಸ ಎರಡೇ. ನಿಂತಾಗ ಮಡಚಬಾರದು. ಕೂತಾಗ ಮಡಚಬೇಕು. ಕಾಲು ಪೂರ್ತಿ ನೆಟ್ಟಗಾದಾಗ ನನ್ನ ಮೇಲ್ಭಾಗ ಮುಂದಿನ ಒಂದು ತಡೆಗೆ ಬಂದು ಒರಗುತ್ತದೆ, ಆಗ ಮೈಭಾರವೇ ನನ್ನನ್ನು ಬೀಗದ ಹಾಗೆ ಹಿಡಿದಿಡುತ್ತದೆ. ಆ ತಡೆ ಮತ್ತು ನನ್ನ ನಡುವೆ ಒಂದು ಅಕ್ಕಿಕಾಳು ಸಿಕ್ಕಿಕೊಂಡರೂ ಸಾಕು, ಬೀಗ ಬೀಳುವುದಿಲ್ಲ. ಹಾಕಿಕೊಂಡವನಿಗೆ ಅದು ಗೊತ್ತಾಗುವುದು ಬಿದ್ದ ಮೇಲೆಯೇ.

ಮೊದಲು ನನ್ನಲ್ಲಿ ಇಪ್ಪತ್ತೇಳು ಬಿಡಿಭಾಗಗಳಿದ್ದವು. ಅಷ್ಟೊಂದಿದ್ದರೆ ಜೋಡಿಸುವವರು ಎಲ್ಲಾದರೂ ಒಂದನ್ನು ಮರೆತೇ ಮರೆಯುತ್ತಾರೆ ಎಂದು ನೀಲಾಂಬಿಕಾ ಒಂದೊಂದಾಗಿ ಕಡಿಮೆ ಮಾಡುತ್ತಾ ಬಂದಳು. ನಾಲ್ಕು ಬಗೆಯ ಸ್ಕ್ರೂ ಇದ್ದಲ್ಲಿ ಒಂದೇ ಬಗೆ ಆಯಿತು. ಅಲ್ಯೂಮಿನಿಯಂ ಪಕ್ಕೆಗಳ ಜಾಗಕ್ಕೆ ಕಪ್ಪು ನೈಲಾನ್ ಪಕ್ಕೆಗಳು ಬಂದವು. ತಡೆಯ ರಬ್ಬರಿಗೆ ಬೇರೆ ಮುಚ್ಚಳ, ಬೇರೆ ಹಿಡಿಕೆ ಇದ್ದವು. ಅವೆರಡನ್ನೂ ತೆಗೆದು, ರಬ್ಬರ್ ಕೂರುವುದಕ್ಕೆ ಮೈಯಲ್ಲೇ ಒಂದು ಚಿಕ್ಕ ಗೂಡು ಮಾಡಿದಳು. ಕೊನೆಗೆ ಹದಿನಾಲ್ಕಕ್ಕೆ ಬಂದು ನಿಂತಿತು. ವರ್ಕ್‌ಶಾಪಿನ ಮಾಲೀಕ ರಾಚಪ್ಪ ಹಿತ್ತಲಮನಿ ಆ ದಿನ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಿದ. ನೀಲಾಂಬಿಕಾ ತಿನ್ನಲಿಲ್ಲ. ಇಷ್ಟು ತೆಗೆದಿದ್ದೇನೆ, ಇದರಲ್ಲಿ ತೆಗೆಯಬಾರದ್ದು ಯಾವುದಿತ್ತೋ ಎಂದು ಮುಕುಂದರಾವ್ ಅವರಿಗೆ ಹೇಳಿದಳು. ಅವರು, ನಡೆದು ನೋಡಿದರೆ ಗೊತ್ತಾಗುತ್ತದಮ್ಮ ಎಂದರು.

ಹಾಗೆ ನಾನು ದಾವಲಸಾಬ ನದಾಫರ ಕಾಲಾದೆ.

ಹಳೇ ಹುಬ್ಬಳ್ಳಿಯಲ್ಲಿ ಅವರದು ಅರಳೆ ತುಂಬಿ ಹಾಸಿಗೆ-ಗಾದಿ ಹೊಲಿಯುವ ಅಂಗಡಿ. ನಲವತ್ತೆಂಟರ ಮನುಷ್ಯ, ಮಾತು ಕಡಿಮೆ. ಮೂರು ವರ್ಷದ ಹಿಂದೆ ಲಾರಿಯೊಂದು ಅವರ ಬಲಗಾಲನ್ನು ತೊಡೆಯ ನಡುವಿನಿಂದ ಕೆಳಗೆ ಉಳಿಸಿರಲಿಲ್ಲ. ಅಂದಿನಿಂದ ಕಂಕುಳಲ್ಲಿ ಊರುಗೋಲು. ಕೂತಲ್ಲಿ ಕೂತು ಹೊಲಿಯಬಹುದಿತ್ತು, ಆದರೆ ಹೊಲಿದ ಗಾದಿಯನ್ನು ಹೊತ್ತು ಮನೆಗಳಿಗೆ ಮುಟ್ಟಿಸುವುದು ಆಗುತ್ತಿರಲಿಲ್ಲ. ಹೆಂಡತಿ ಮಾಬೂಬಿ ಒಬ್ಬ ಗಾಡಿಯವನನ್ನು ಗೊತ್ತು ಮಾಡಿಕೊಂಡು ತಾನೇ ಹೋಗಿ ಬರುತ್ತಿದ್ದಳು.

ವೈದ್ಯರು ಅವರ ತೊಡೆಯ ತುದಿ ಒಳಗೆ ಕೂರುವಂಥ ಒಂದು ಬಟ್ಟಲು ತೊಡಿಸಿ, ಕೆಳಗೆ ನನ್ನನ್ನು, ನನ್ನ ಕೆಳಗೆ ಕೊಳವೆ ಮತ್ತು ಪಾದವನ್ನು ಜೋಡಿಸಿದರು. ಮೊದಲ ವಾರ ಅವರು ಗೋಡೆ ಹಿಡಿದು ನಡೆದರು. ಎರಡನೇ ವಾರ ಅಂಗಡಿಯ ನೆಲದ ಮೇಲೆ ಕೂತು, ಯಾರ ಕೈಯೂ ಹಿಡಿಯದೆ ಎದ್ದರು. ಎದ್ದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಮಾಬೂಬಿ ಅರಳೆಯ ಮೂಟೆಗೆ ಒರಗಿ ನೋಡುತ್ತಿದ್ದಳು. ಐದನೇ ವಾರ ತಲೆಯ ಮೇಲೆ ಗಾದಿ ಹೊತ್ತು ಎರಡು ಓಣಿ ದಾಟಿದರು.

ಪ್ರತಿ ಶನಿವಾರ ವರ್ಕ್‌ಶಾಪಿಗೆ ಬರಬೇಕೆಂದು ಒಪ್ಪಂದವಾಗಿತ್ತು. ನೀಲಾಂಬಿಕಾ ಒಂದು ಪುಸ್ತಕ ಇಟ್ಟಿದ್ದಳು. ಏನಾದರೂ ತೊಂದರೆ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು.

“ಎಲ್ಲಾ ಬರೋಬರಿ ಐತ್ರಿ ಅಕ್ಕಾರ,” ಎನ್ನುತ್ತಿದ್ದರು ದಾವಲಸಾಬ.

ಎಂಟನೇ ವಾರದವರೆಗೂ ಅದು ನಿಜವೇ ಆಗಿತ್ತು. ಆದರೆ ಅರಳೆ ಬಿಡಿಸುವ ಅಂಗಡಿಯಲ್ಲಿ ಗಾಳಿಯೂ ಬಿಳಿ. ನೂಲಿಗಿಂತ ಸಣ್ಣ ಎಳೆಗಳು ತೇಲಿ ತೇಲಿ ಎಲ್ಲೆಡೆ ಕೂರುತ್ತವೆ. ನನ್ನ ಮುಂದಿನ ಆ ಚಿಕ್ಕ ಗೂಡಿನಲ್ಲೂ ಕೂತವು. ನಾನು ನೆಟ್ಟಗಾದಾಗಲೆಲ್ಲ ಅವನ್ನು ಒತ್ತುತ್ತಿದ್ದೆ. ಒತ್ತಿದಷ್ಟೂ ಅವು ಗಟ್ಟಿಯಾದವು. ಒಂಬತ್ತನೇ ವಾರದ ಮಂಗಳವಾರ ನನಗೇ ಗೊತ್ತಾಯಿತು, ನಾನು ತಡೆಗೆ ಪೂರ್ತಿ ಮುಟ್ಟುತ್ತಿಲ್ಲ. ಹೇಳುವುದು ಯಾರಿಗೆ?

ಆ ದಿನ ಅವರು ಒಂದು ಮನೆಯ ಮಾಳಿಗೆಗೆ ಹೊಸ ಗಾದಿ ಮುಟ್ಟಿಸಿ, ಹಳೆಯದನ್ನು ಬಿಚ್ಚಿ ತುಂಬಲೆಂದು ಹೊತ್ತು ಇಳಿಯುತ್ತಿದ್ದರು. ಮೂರನೇ ಮೆಟ್ಟಿಲಲ್ಲಿ ಬಲಗಾಲ ಮೇಲೆ ಭಾರ ಬಿಟ್ಟರು. ನಾನು ಮಡಚಿಬಿಟ್ಟೆ. ಹಿಡಿದುಕೊಳ್ಳಬೇಕೆಂದು ಎಷ್ಟು ಹಂಬಲಿಸಿದರೂ ನನ್ನಿಂದ ಆಗಲಿಲ್ಲ. ಮುಂದೆ ಗಾದಿ ಉರುಳಿತು, ಅದರ ಮೇಲೆ ಅವರು ಬಿದ್ದರು, ಅದರಿಂದಲೇ ಉಳಿದರು. ಮನೆಯವರು ಓಡಿ ಬಂದಾಗ, ಕಾಲು ಜಾರಿತ್ರಿ ಎಂದು ನಕ್ಕರು. ಅಂಗಡಿಗೆ ಬಂದು ಪ್ಯಾಂಟಿನ ಕಾಲನ್ನು ಮಡಿಸಿ, ಗಾದಿ ಹೊಲಿಯುವ ದಬ್ಬಣದಿಂದ ಗೂಡಿನೊಳಗಿನ ಅರಳೆಯನ್ನು ಕೆದರಿ ತೆಗೆದರು. ಕಡಲೆಕಾಳಿನಷ್ಟು ಗಟ್ಟಿ ಉಂಡೆ. ಅದನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮಾಬೂಬಿಗೆ ಗೊತ್ತಾಯಿತು. ಯಾರಿಗೂ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡರು.

ಆ ಶನಿವಾರವೂ ಎಲ್ಲಾ ಬರೋಬರಿ ಇತ್ತು.

ಅವರು ಸುಳ್ಳುಗಾರರಲ್ಲ. ನಾನು ಅವರ ತೊಡೆಗೆ ಅಂಟಿಕೊಂಡೇ ಇದ್ದವನು, ನನಗೆ ಗೊತ್ತು. ನನ್ನನ್ನು ಪರೀಕ್ಷೆಗೆಂದು ಕೊಟ್ಟದ್ದು. ಸರಿಯಿಲ್ಲ ಎಂದರೆ ವಾಪಸು ಹೋಗುವವನು. ಮತ್ತೆ ಊರುಗೋಲು, ಮತ್ತೆ ಮಾಬೂಬಿ ಗಾಡಿಯವನ ಹಿಂದೆ ಓಡುವುದು. ದಿನಾ ಕೆದರಿ ತೆಗೆದರೆ ಸಾಕು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಬೆಳಿಗ್ಗೆ ಹಲ್ಲುಜ್ಜುವ ಹಾಗೆ ನನ್ನನ್ನು ದಬ್ಬಣದಿಂದ ಕೆದರುವುದು ರೂಢಿಯಾಯಿತು.

ದಿನಕ್ಕೊಂದು ಸಲ ಸಾಲಲಿಲ್ಲ, ಹತ್ತನೇ ವಾರ ಮತ್ತೆ ಬಿದ್ದರು. ಈ ಸಲ ದುರ್ಗದ ಬೈಲಿನ ಗದ್ದಲದಲ್ಲಿ, ನಡುರಸ್ತೆಯಲ್ಲಿ. ಆಟೋವೊಂದು ಮೊಳದಷ್ಟು ಅಂತರದಲ್ಲಿ ನಿಂತಿತು. ಅದರ ಮುಂದಿನ ಗಾಲಿ ನನ್ನ ಕಣ್ಣೆದುರಿಗೇ ಇತ್ತು. ದಾವಲಸಾಬರ ಮೈ ನಡುಗುವುದು ಬಟ್ಟಲಿನ ಮೂಲಕ ನನ್ನವರೆಗೂ ಬರುತ್ತಿತ್ತು.

ಅದೇ ದಿನಗಳಲ್ಲಿ ಮೇಲಂತಸ್ತಿನ ಕೋಣೆಯಲ್ಲಿ ಗಡಿಬಿಡಿ ನಡೆದಿತ್ತು. ಬೆಳಗಾವಿಯ ಅಚ್ಚಿನವರು ಉಕ್ಕು ತರಿಸಿ ಕಾಯುತ್ತಿದ್ದರು. ಸೋಮವಾರ ನೀಲಾಂಬಿಕಾ ನಕ್ಷೆಗೆ ಸಹಿ ಹಾಕಿದರೆ ಮಂಗಳವಾರ ಕೊರೆಯಲು ಶುರು. ಹನ್ನೊಂದನೇ ಶನಿವಾರ ಅವಳು ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದಳು. ಗೂಡಿನ ಅಂಚಿನಲ್ಲಿ ಕೂದಲಿನಂಥ ಗೀರುಗಳು. ದಾವಲಸಾಬರನ್ನು ಕೇಳಿದಳು. ಏನೂ ಇಲ್ಲ ಎಂದರು. ಇನ್ನೊಮ್ಮೆ ಕೇಳಿದಳು.

“ಖರೇನ ಏನೂ ತ್ರಾಸ ಆಗಿಲ್ಲೇನ್ರಿ ದಾವಲಣ್ಣಾ?”

ಅವರು ನನ್ನ ಕಡೆ ನೋಡುತ್ತಾ, ಇಲ್ಲರಿ ಎಂದರು.

ಅವರು ನನ್ನನ್ನು ಮತ್ತೆ ಹಾಕಿಕೊಂಡು ಹೋದ ಮೇಲೆ ಅವಳು ಪುಸ್ತಕವನ್ನು ಮೊದಲಿನಿಂದ ಓದಿದಳಂತೆ. ಹನ್ನೊಂದು ವಾರ, ಹನ್ನೊಂದು ಸಲ ಅದೇ ಮಾತು. ಒಂದು ಅಕ್ಷರ ಆಚೀಚೆ ಇಲ್ಲ. ಅವಳು ಮಾಡಿದ ಯಾವ ವಸ್ತುವೂ ಇಷ್ಟು ಒಳ್ಳೆಯದಾಗಿ ನಡೆದುಕೊಂಡಿರಲಿಲ್ಲ. ಸಂತೋಷಪಡಬೇಕಿತ್ತು. ಅವಳಿಗೆ ಆಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದಳು, ಬಂದು ಕೂತಳು, ಮತ್ತೆ ಹೋದಳು.

ಸೋಮವಾರ ಸಹಿ ಹಾಕಲಿಲ್ಲ. ಒಂದು ದಿನ ಕೊಡಿ ಎಂದು ರಾಚಪ್ಪನಿಗೆ ಹೇಳಿ, ಯಾರಿಗೂ ತಿಳಿಸದೆ ಮರುದಿನ ಬೆಳಿಗ್ಗೆಯೇ ಹಳೇ ಹುಬ್ಬಳ್ಳಿಗೆ ಬಂದಳು.

ಅಂಗಡಿಯ ಹೊಸ್ತಿಲಿಗೆ ಅವಳು ಬಂದು ನಿಂತಾಗ ನನ್ನ ಸ್ನಾನ ನಡೆದಿತ್ತು. ಪ್ಯಾಂಟು ತೊಡೆಯವರೆಗೆ ಮಡಿಸಿದ್ದರು, ಕೈಯಲ್ಲಿ ದಬ್ಬಣ, ಪಕ್ಕದಲ್ಲಿ ಒಂದು ಬಟ್ಟಲು ನೀರು. ಬಾಗಿಲ ಬೆಳಕಿನಲ್ಲಿ ಅರಳೆಯ ಎಳೆಗಳು ತೇಲುತ್ತಿದ್ದವು. ನೀಲಾಂಬಿಕಾ ಮೊದಲು ಗಾಳಿಯನ್ನು ನೋಡಿದಳು. ಆಮೇಲೆ ದಬ್ಬಣವನ್ನು. ಎಲ್ಲ ತಿಳಿದುಹೋಯಿತು. ಅವಳು ಮೂಟೆಯ ಮೇಲೆ ಕೂತುಬಿಟ್ಟಳು.

ದಾವಲಸಾಬ ದಬ್ಬಣವನ್ನು ಹಾಸಿಗೆಯ ಅಡಿ ಸರಿಸಲು ಹೋದರು. ಒಳಗಿನಿಂದ ಮಾಬೂಬಿ ಬಂದಳು.

“ಹೇಳ್ರಿ ಅವರಿಗೆ,” ಎಂದಳು ಗಂಡನಿಗೆ. ನೀಲಾಂಬಿಕಾ ಕಡೆ ತಿರುಗಿದಳು. “ಇವರು ಹೊರಗ ಹೋದ್ರ ನಾ ಬಾಗಲಾ ಬಿಟ್ಟು ಒಳಗ ಬರಾಂಗಿಲ್ಲ. ಊಟ ಗಂಟಲಾಗ ಇಳೀವಲ್ತು.”

ದಾವಲಸಾಬ ದಬ್ಬಣವನ್ನು ಮತ್ತೆ ಎದುರಿಗೆ ತೆಗೆದಿಟ್ಟರು.

“ಎರಡು ಸಲ ಬಿದ್ದೀನ್ರಿ ಅಕ್ಕಾರ,” ಎಂದರು ದಾವಲಸಾಬ. “ಹೇಳಿದ್ರ ಕಾಲು ಬಿಚ್ಕೊಂಡ ಹೋಗ್ತೀರಿ ಅಂತ ಅಂಜಿದೆ.”

ಇಲ್ಲ, ಹಾಗೇನೂ ಮಾಡುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಆ ಮಾತು ಅವಳ ಬಾಯಿಯವರೆಗೆ ಬಂದಿತ್ತೆಂದು ನನಗೆ ಅನಿಸುತ್ತದೆ. ಆದರೆ ಅವಳು ನುಂಗಿಕೊಂಡಳು.

“ಹೌದ್ರಿ. ಈಗ ಬಿಚ್ಕೊಂಡ ಹೋಗಾಕಿನ ನಾನು,” ಎಂದಳು. “ತಪ್ಪು ನಿಮ್ದಲ್ಲ. ಆ ಗೂಡು ಮಾಡಿದಾಕಿ ನಾನು. ನೀವು ಬಿದ್ದದ್ದು ಗೊತ್ತಾಗ್ದ ಇದ್ದಿದ್ರ ಇವತ್ತ ಅದನ್ನ ಉಕ್ಕಿನಾಗ ಕೊರಸ್ತಿದ್ದೆ. ಸಾವಿರ ಮಂದಿ ಬೀಳ್ತಿದ್ರು.”

ದಾವಲಸಾಬ ತಾವೇ ಪಟ್ಟಿ ಸಡಿಲಿಸಿ ನನ್ನನ್ನು ಬಿಚ್ಚಿದರು. ಒರೆಸಿ ಕೊಟ್ಟರು. ಮಾಬೂಬಿ ಮೂಲೆಯಲ್ಲಿ ನಿಲ್ಲಿಸಿದ್ದ ಊರುಗೋಲನ್ನು ತಂದು ಅವರ ಪಕ್ಕ ಇಟ್ಟಳು. ಅದರ ಮೇಲೆ ಧೂಳು ಕೂತಿತ್ತು. ನನ್ನನ್ನು ಚೀಲದಲ್ಲಿ ಹಾಕಿಕೊಂಡು ನೀಲಾಂಬಿಕಾ ಹೊರಟಾಗ ಅವರು ಎದ್ದು ಬೀಳ್ಕೊಡಲಿಲ್ಲ, ಏಳಲು ಆಗುತ್ತಲೂ ಇರಲಿಲ್ಲ. ಆಟೋದಲ್ಲಿ ಅವಳು ಚೀಲವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಕೂತಿದ್ದಳು. ಎಲ್ಲಿ ಇಳಿಯಬೇಕೆಂದು ಆಟೋದವನು ಎರಡು ಸಲ ಕೇಳಬೇಕಾಯಿತು.

ರಾಚಪ್ಪ ಸಿಟ್ಟಾದ. ಅವನು ಕೆಟ್ಟವನಲ್ಲ, ಬೆಳಗಾವಿಯವರಿಗೆ ಮಾತು ಕೊಟ್ಟಿದ್ದ.

“ಅಂವ ಅರಳ್ಯಾಗ ಕುಂಡ್ರಾಂವ, ನೀಲಾಂಬಿಕಾ,” ಎಂದ. “ಎಲ್ಲಾರೂ ಗಾದಿ ಹೊಲಿತಾರೇನು?”

“ಒಬ್ಬಾಕಿ ಹಿಟ್ಟಿನ ಗಿರಣ್ಯಾಗ ಇರ್ತಾಳ. ಒಬ್ಬಾಂವ ಸಿಮೆಂಟ್ ಹೊರ್ತಾನ,” ಎಂದಳು ಅವಳು. “ಧೂಳ ಇಲ್ಲದ ಊರು ಎಲ್ಲೈತ್ರಿ ಸರ?”

ರಾಚಪ್ಪ ಕುರ್ಚಿಯಿಂದ ಎದ್ದು ಹೊರಗೆ ಹೋದ. ಅರ್ಧ ತಾಸಿನ ಮೇಲೆ ಬಂದು, ಅಚ್ಚಿನವರಿಗೆ ಫೋನು ಮಾಡಿದ್ದೇನೆ, ಎಷ್ಟು ದಿನ ಬೇಕು ಹೇಳು ಎಂದ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಆಮೇಲಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ, ಯಾಕೆಂದರೆ ನಾನು ಇಡೀ ದಿನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದೆ. ನೀಲಾಂಬಿಕಾ ಗೂಡಿಗೆ ಮುಚ್ಚಳ ಬರೆದಳು. ಮುಚ್ಚಳದ ಸಂದಿಯಲ್ಲೂ ಎಳೆ ನುಗ್ಗುತ್ತದೆಂದು ಹೊಡೆದು ಹಾಕಿದಳು. ರಬ್ಬರ್ ಚೀಲ ಹೊದಿಸಿದಳು. ಮಡಚಿದಾಗ ಅದು ಹರಿಯಿತು. ಏನು ಮಾಡಿದರೂ ಬಿಡಿಭಾಗ ಹೆಚ್ಚುತ್ತಿತ್ತು, ಅರಳೆ ನಿಲ್ಲುತ್ತಿರಲಿಲ್ಲ. ಊಟದ ಡಬ್ಬಿ ಸಂಜೆಯವರೆಗೂ ಹಾಗೇ ಇರುತ್ತಿತ್ತು.

ಶನಿವಾರ ದಾವಲಸಾಬ ಬಂದರು. ಅವರು ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಊರುಗೋಲು ಊರಿಕೊಂಡು ಮೇಲಂತಸ್ತಿನ ಮೆಟ್ಟಿಲು ಒಂದೊಂದಾಗಿ ಹತ್ತಿ, ಕುರ್ಚಿಯಲ್ಲಿ ಕೂತು, ದಣಿವು ಆರಿಸಿಕೊಂಡು ನನ್ನನ್ನು ಎತ್ತಿಕೊಂಡರು. ಗೂಡಿನೊಳಗೆ ಬೆರಳಾಡಿಸಿದರು.

“ಮೂಲಿ ಇದ್ದಲ್ಲೇ ಅರಳಿ ಕೂಡ್ತೈತ್ರಿ. ಗಾದ್ಯಾಗೂ ಹಂಗ,” ಎಂದರು. “ಮೂಲೀನ ತಗದ ಬಿಟ್ರ ಅದು ಎಲ್ಲಿ ಕುಂಡ್ರಬೇಕು?”

ನೀಲಾಂಬಿಕಾ ಪೆನ್ಸಿಲ್ ಎತ್ತಿಕೊಂಡವಳು ಹಾಗೇ ನಿಂತಳು. ಆಮೇಲೆ ಗೂಡಿನ ಕೆಳಗೋಡೆಯ ಮೇಲೆ ಅಡ್ಡಗೆರೆ ಎಳೆದಳು. ಮುಚ್ಚುವುದಲ್ಲ, ತೆರೆಯುವುದು. ಗೂಡಿನ ಬದಲು ಎರಡು ಏಣು, ಎದ್ದು ನಿಂತ ಎರಡು ಅಂಚು ಮಾತ್ರ. ರಬ್ಬರ್ ಅವುಗಳ ಮೇಲೆ ಕೂರಬೇಕು, ಕೆಳಗೆ ಬಯಲು. ಬಿದ್ದ ಎಳೆ ಮಡಚಿದಾಗ ತಾನೇ ಉದುರಿ ಹೋಗಬೇಕು. ಬಿಡಿಭಾಗ ಒಂದೂ ಹೆಚ್ಚಲಿಲ್ಲ. ಮುಕುಂದರಾವ್ ಅದೇ ದಿನ ನನ್ನ ಗೂಡನ್ನು ಕೊರೆದು ಏಣು ಮಾಡಿದರು.

ಇದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಮತ್ತೊಬ್ಬ ಮನುಷ್ಯನನ್ನು ಬೀಳಿಸುವುದಿಲ್ಲ ಎಂದು ನೀಲಾಂಬಿಕಾ ಹಟ ಹಿಡಿದಳು. ಮುಕುಂದರಾವ್ ಒಂದು ಗಾಜಿನ ಪೆಟ್ಟಿಗೆ ಮಾಡಿ ಅದರೊಳಗೆ ನನ್ನನ್ನು ಯಂತ್ರಕ್ಕೆ ಕಟ್ಟಿದರು. ಸೆಕೆಂಡಿಗೆ ಒಮ್ಮೆ ಯಂತ್ರ ನನ್ನನ್ನು ಮಡಚಿ ನೆಟ್ಟಗೆ ಮಾಡಿ, ಮನುಷ್ಯನ ಭಾರ ಹೇರುತ್ತಿತ್ತು. ಮೂವತ್ತು ಲಕ್ಷ ಸಲ ಎಂದು ಗುರಿ. ಒಳಗೆ ಅರಳೆಯ ಧೂಳು ಹಾರುತ್ತಿರಬೇಕು. ಅದನ್ನು ತಂದುಕೊಟ್ಟವರು ದಾವಲಸಾಬರೇ. ಒಳ್ಳೆಯ ಅರಳೆಯಲ್ಲ, ಅಂಗಡಿಯ ಮೂಲೆಯಲ್ಲಿ ಗುಡಿಸಿದ್ದು. ಪ್ರತಿ ಶನಿವಾರ ಒಂದು ಚೀಲ. ಚೀಲ ಕೊಟ್ಟು, ಪೆಟ್ಟಿಗೆಯ ಎದುರು ಕೂತು ನನ್ನನ್ನು ನೋಡುತ್ತಿದ್ದರು.

ನನಗೆ ಹೆದರಿಕೆ ಇತ್ತು. ಮುರಿಯುತ್ತೇನೆಂದಲ್ಲ. ಮುರಿಯುವುದಕ್ಕೇ ನನ್ನನ್ನು ಕಟ್ಟಿದ್ದರು. ಮತ್ತೆ ಬೀಗ ತಪ್ಪಿದರೆ ಇವರು ಇನ್ನೆಷ್ಟು ದಿನ ಊರುಗೋಲಿನ ಮೇಲೆ ಈ ಮೆಟ್ಟಿಲು ಹತ್ತಬೇಕು ಎಂದು. ಎಳೆಗಳು ಬಂದು ಕೂರುವಾಗ ನಾನು ಒಂದೊಂದನ್ನೂ ಬಲ್ಲೆ. ಮಡಚಿದಾಗ ಉದುರುತ್ತಿದ್ದವು. ಮತ್ತೆ ಕೂರುತ್ತಿದ್ದವು. ಉದುರುತ್ತಿದ್ದವು. ಒಮ್ಮೆಯೂ ಬೀಗ ತಪ್ಪಲಿಲ್ಲ.

ಇಪ್ಪತ್ತಾರು ಲಕ್ಷ ದಾಟಿದ ಮೇಲೆ ನನ್ನ ಎಡಪಕ್ಕೆ ಬಿರಿಯಿತು. ಯಂತ್ರ ತಾನೇ ನಿಂತಿತು. ನೀಲಾಂಬಿಕಾ ಓಡಿ ಬಂದು ಬಿರುಕನ್ನು ಅಳೆದಳು. ಏಣು ಪಕ್ಕೆಗೆ ಕೂಡುವ ಮೂಲೆಯಲ್ಲಿ ಬಿರಿದಿತ್ತು. ಅಲ್ಲಿ ಎರಡು ಮಿಲಿಮೀಟರ್ ದಪ್ಪ ಮಾಡಿ, ಮೂಲೆಯನ್ನು ದುಂಡಗೆ ಮಾಡಿ ನಕ್ಷೆ ತಿದ್ದಿದಳು. ನಾಲ್ಕನೆಯವನು ಅದೇ ಪೆಟ್ಟಿಗೆಯಲ್ಲಿ ಮೂವತ್ತು ಲಕ್ಷ ಮುಗಿಸಿ, ಮೈಮೇಲೆ ಒಂದು ಗೆರೆಯೂ ಇಲ್ಲದೆ ಹೊರಬಂದ. ಅಂದು ಅವಳು ಸಹಿ ಹಾಕಿದಳು. ಹಾಕಿದ ಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕುವುದನ್ನೇ ಮರೆತಳು. ಮುಕುಂದರಾವ್ ತೆಗೆದುಕೊಂಡು ಹಾಕಿದರು.

ಅಚ್ಚಿನಿಂದ ಬಂದ ಮೊದಲ ಹತ್ತು ಜನ ತಣ್ಣಗಾಗುವಾಗ ಸೊಟ್ಟಗಾದರು. ಅಚ್ಚಿಗೆ ನೀರು ಹರಿಸುವ ದಾರಿ ಬದಲಿಸಿದ ಮೇಲೆ ಬಂದವರು ನೆಟ್ಟಗಿದ್ದರು. ಅವರಲ್ಲಿ ಒಬ್ಬನನ್ನು ದಾವಲಸಾಬರಿಗೆ ಹಾಕಿದರು. ಅವರು ಮತ್ತೆ ಊರುಗೋಲು ಹಿಡಿದು ನಾಲ್ಕೂವರೆ ತಿಂಗಳಾಗಿತ್ತು. ಹಾಕಿಕೊಂಡು ವರ್ಕ್‌ಶಾಪಿನ ನೆಲದ ಮೇಲೆ ಕೂತು ಎದ್ದರು. ಹೋಗುವ ಮುಂಚೆ ಕಪಾಟಿನಲ್ಲಿದ್ದ ನನ್ನನ್ನು ತೆಗೆದು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿ ಮತ್ತೆ ಇಟ್ಟರು.

ಅದೆಲ್ಲ ಆಗಿ ಒಂಬತ್ತು ವರ್ಷ. ಮುಕುಂದರಾವ್ ಈಗಿಲ್ಲ. ಸಾವಿರಾರು ತಮ್ಮಂದಿರು ಎಲ್ಲೆಲ್ಲಿಯೋ ನಡೆಯುತ್ತಿದ್ದಾರೆ. ನಾನು ಕಂಡಿಲ್ಲದ ಮೆಟ್ಟಿಲು, ನಾನು ಕಂಡಿಲ್ಲದ ಧೂಳು. ಫೋನು ಬಂದಾಗಲೆಲ್ಲ ನೀಲಾಂಬಿಕಾ ಈಗಲೂ ಒಂದು ಕ್ಷಣ ತಡೆದು ಎತ್ತುತ್ತಾಳೆ. ಅಂಜಿಕೆ ಅವಳನ್ನು ಬಿಟ್ಟಿಲ್ಲ. ಬಿಡುತ್ತದೆಂದು ಅವಳೂ ಅಂದುಕೊಂಡಿಲ್ಲ. ಆದರೆ ಎರಡು ಪದ್ಧತಿ ಬದಲಾಗಿವೆ. ಹೊಸ ಮೊಣಕಾಲು ಕೈಗೆ ಕೊಡದೆ ಯಾರ ಹಳೆಯದನ್ನೂ ಬಿಚ್ಚಿಕೊಳ್ಳುವುದಿಲ್ಲ. ಯಾರನ್ನೂ ತೊಂದರೆ ಇದೆಯೇ ಎಂದು ಕೇಳುವುದೂ ಇಲ್ಲ. ಕೇಳಿದರೆ ಇಲ್ಲ ಎಂದೇ ಉತ್ತರ.

ಮೊನ್ನೆ ಅಣ್ಣಿಗೇರಿಯಿಂದ ಕಾಶವ್ವ ಎಂಬ ಹೆಂಗಸು ಬಂದಿದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು, ಕಾಲು ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಯಾರೂ ಕೇಳದೆಯೇ, ಎಲ್ಲ ಚಲೋ ಐತ್ರಿ ಎಂದಳು. ನೀಲಾಂಬಿಕಾ ಕಪಾಟಿನಿಂದ ನನ್ನನ್ನು ತೆಗೆದು ಅವಳ ಮಡಿಲಲ್ಲಿಟ್ಟಳು. ಇದು ಒಬ್ಬರನ್ನು ಎರಡು ಸಲ ಬೀಳಿಸಿತು, ಅವರು ಹೇಳಿದ್ದಕ್ಕೆ ಉಳಿದವರದು ಸರಿಯಾಯಿತು ಎಂದಷ್ಟೇ ಹೇಳಿದಳು.

ಕಾಶವ್ವ ನನ್ನನ್ನು ತಿರುಗಿಸಿ ನೋಡಿದಳು. ಅವಳ ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. ಬಿರುಕಿನ ಮೇಲೆ ಉಗುರು ಆಡಿಸಿದಳು. ಕೆಳಗೆ ಯಂತ್ರವೊಂದು ಶುರುವಾಗಿ ನಿಂತಿತು.

“ನಾನೂ ಬಿದ್ದೀನ್ರಿ,” ಎಂದಳು ತಲೆ ಎತ್ತದೆ. “ಹೋದ ವಾರ.”

ನೀಲಾಂಬಿಕಾ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಕೂತಳು.

“ಎಲ್ಲಿ ಬಿದ್ರಿ? ಹೇಳ್ರಿ.”